ಸೂಜಿಯ ಬಲಕ್ಕೆ

“ಎಳೀಬೇಡ ಕಣೇ, ನಾವೇನು ಹಗ್ಗಜಗ್ಗಾಟ ಆಡ್ತಿದ್ದೀವಾ?” ಎಂದೆ.

ಹೊದಿಕೆಯ ಎರಡು ಮೂಲೆ ನನ್ನ ಕೈಯಲ್ಲಿದ್ದವು, ಎರಡು ಗುಬ್ಬಿಯ ಕೈಯಲ್ಲಿ. ಒಣಗಿದ ಬಟ್ಟೆ ಮಡಿಸುವಾಗ ಅವಳದು ಯಾವತ್ತೂ ಇದೇ ವರಸೆ. ಕಾಲು ಅಗಲಿಸಿ ನಿಂತು, ಬಟ್ಟೆಯನ್ನು ತನ್ನ ಕಡೆಗೆ ಬಿಗಿಯಾಗಿ ಜಗ್ಗಿ ಹಿಡಿಯುತ್ತಾಳೆ. ಇರುವುದೇ ಒಂದು ಹಿಡಿ, ಅದಕ್ಕೇ ಗುಬ್ಬಿ ಎಂಬ ಹೆಸರು. ಆದರೆ ಆ ಕೈಗಳ ಜಗ್ಗು ಮಾತ್ರ ನನ್ನನ್ನು ನಿಂತಲ್ಲಿಂದ ಕೀಳುವಂಥದು.

“ಬಿಗಿ ಇಲ್ದಿದ್ರೆ ಸುಕ್ಕು ಬೀಳುತ್ತೆ ದೊಡ್ಡಮ್ಮ.”

“ಬೀಳ್ಲಿ ಬಿಡೇ. ಅದನ್ನ ಹೊದ್ಕೊಂಡು ಮಲಗೋಳು ನಾನು. ನನ್ನ ಮುಖದ ಸುಕ್ಕಿಗೊಂದು ಜೊತೆಯಾಗುತ್ತೆ.”

ಅವಳು ನಗಲಿಲ್ಲ. ಕಿಟಕಿಯ ಕಟ್ಟೆಯ ಮೇಲಿದ್ದ ಫೋನಿನ ಕಡೆಗೇ ಅವಳ ಕಣ್ಣು. ಅದು ಬಡಿದುಕೊಂಡದ್ದೇ ತಡ, ಹೊದಿಕೆಯ ಎರಡೂ ಮೂಲೆ ಅವಳ ಕೈಯಿಂದ ಜಾರಿ ನೆಲ ಸೇರಿದವು.

ಮೇಸ್ತ್ರಿಯ ಕರೆ. ಫೋನು ಅವಳ ಕಿವಿಗೆ ಅಂಟಿಕೊಂಡಿದ್ದರೂ ಅವನ ಮಾತು ಕೋಣೆಗೆಲ್ಲ ಕೇಳುತ್ತಿತ್ತು. ದಿನವಿಡೀ ಯಂತ್ರಗಳ ಗದ್ದಲದ ಮೇಲೆ ಕೂಗುವವನಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿದೆ.

“ರಜೆ ಮುಗೀತಲ್ಲಮ್ಮ. ಸೋಮವಾರ ಉರುಳೆ ಹತ್ರ ನಿಂತ್ಕೊಳ್ಳೋಕೆ ಬರ್ತೀಯೋ, ಬೇರೆಯವರನ್ನ ಹಾಕ್ಲೋ?”

“ಸಂಜೆ ಹೇಳ್ಲಾ ಸಾರ್?”

“ಸಂಜೆ ನಾನೇ ಫೋನ್ ಮಾಡ್ತೀನಿ. ಆಗ ಬರ್ತೀನಿ ಅಂದ್ರೆ ಬಾ, ಇಲ್ಲ ಅಂದ್ರೆ ಇಲ್ಲ. ನಾಳೆ ನಾಡಿದ್ದು ಅಂತ ರಾಗ ಎಳೀಬೇಡ.”

ಫೋನು ಕೆಳಗಿಟ್ಟು, ಬಿದ್ದಿದ್ದ ಮೂಲೆಗಳನ್ನು ಎತ್ತಿಕೊಂಡಳು. ಈ ಸಲ ಜಗ್ಗಲಿಲ್ಲ. ಕೆಮ್ಮು ಬಂತು. ಆ ಕೆಮ್ಮು ಬಂದಾಗ ನಾನು ಮಾತಾಡುವುದಿಲ್ಲ. ಅದು ನಿಲ್ಲುವವರೆಗೆ ನನ್ನ ಉಸಿರನ್ನೂ ಹಿಡಿದುಕೊಂಡು ನಿಲ್ಲುತ್ತೇನೆ.

ಗುಬ್ಬಿ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ನನ್ನ ಮಡಿಲಲ್ಲೇ ಬೆಳೆದಳು, ಮದುವೆಯಾದ ಮೇಲೆ ನನ್ನನ್ನೂ ಗಂಟು ಕಟ್ಟಿಕೊಂಡು ಗಂಡನ ಮನೆಗೆ ಬಂದಳು. ಅವಳು ಕೆಲಸಕ್ಕೆ ಹೋಗುತ್ತಿದ್ದದ್ದು ಆಸ್ಪತ್ರೆ ಹೋಟೆಲುಗಳ ಬಟ್ಟೆ ಒಗೆಯುವ ಕಾರ್ಖಾನೆಗೆ. ಅಲ್ಲಿ ಎರಡು ದೊಡ್ಡ ಉರುಳೆಗಳು ಕೆಂಡದ ಹಾಗೆ ಕಾದು ತಿರುಗುತ್ತಿರುತ್ತವಂತೆ. ಒದ್ದೆ ಹೊದಿಕೆಯನ್ನು ಬಿಗಿಯಾಗಿ ಹಿಡಿದು ಅವುಗಳ ನಡುವೆ ತುರುಕಬೇಕು, ಆಚೆಯಿಂದ ಅದು ಇಸ್ತ್ರಿಯಾಗಿ ಹೊರಬರುತ್ತದೆ. ಸೋಪಿನ ಘಾಟು ಬೆರೆತ ಆ ಉಗಿಯನ್ನೇ ವರ್ಷಗಟ್ಟಲೆ ಕುಡಿದ ಎದೆ ಕಳೆದ ಚಳಿಗಾಲದಲ್ಲಿ ಮುಷ್ಕರ ಹೂಡಿತು. ಆಸ್ಪತ್ರೆಯ ಡಾಕ್ಟರಮ್ಮ ಮಾತು ಸುತ್ತಿ ಬಳಸಿ ಹೇಳಲಿಲ್ಲ. “ಆ ಉಗಿ ಕೋಣೆಗೆ ಮತ್ತೆ ಹೋದ್ರೆ ಮುಂದಿನ ಸಲ ನನ್ನ ಹತ್ರ ಬರೋಷ್ಟು ಉಸಿರೂ ಉಳಿದಿರಲ್ಲ” ಎಂದರು.

ಅದಕ್ಕೇ ಹೊಲಿಗೆ. ಡೇರೆಗಳನ್ನೂ ಲಾರಿಗೆ ಹೊದಿಸುವ ಮಳೆಬಟ್ಟೆಗಳನ್ನೂ ಮಾಡುವ ವರ್ಕ್‌ಶಾಪೊಂದು, ಮನೆಯಲ್ಲೇ ಕೂತು ಹೊಲಿಯುವವರಿಗೆ ಕೆಲಸ ಕಳಿಸುತ್ತದೆ. ಅವರು ಓದು ಕೇಳುವುದಿಲ್ಲ, ಶಿಫಾರಸು ಕೇಳುವುದಿಲ್ಲ. ಒಂದು ತುಂಡು ಬಟ್ಟೆ ಕಳಿಸಿ, ಹೊಲಿದು ತೋರಿಸಿ ಅನ್ನುತ್ತಾರೆ. ಗುಬ್ಬಿಗೂ ಕಳಿಸಿದ್ದರು. ಎರಡು ಮೊಳ ಉದ್ದದ ಎರಡು ಪಟ್ಟಿ, ಕಡು ಹಸಿರು, ಮುಟ್ಟಿದರೆ ಮೇಣ ಸವರಿದ ಹಾಗೆ. ಎರಡನ್ನೂ ಜೋಡಿಸಿ, ಅಂಚಿನಿಂದ ಅರ್ಧ ಇಂಚು ಒಳಗೆ, ಈ ತುದಿಯಿಂದ ಆ ತುದಿಗೆ ಒಂದೇ ಒಂದು ನೇರ ಹೊಲಿಗೆ. ಗೆರೆ ಹಾಕುವಂತಿಲ್ಲ, ಗುಂಡುಸೂಜಿ ಚುಚ್ಚುವಂತಿಲ್ಲ, ತಪ್ಪಿದರೆ ಬಿಚ್ಚುವಂತಿಲ್ಲ. ಮಾಮೂಲಿ ಬಟ್ಟೆಯಲ್ಲಿ ಬಿಚ್ಚಿದ ತೂತು ಒಗೆದಾಗ ಕೂಡಿಕೊಳ್ಳುತ್ತದೆ, ಮಳೆಬಟ್ಟೆಯಲ್ಲಿ ಸೂಜಿ ಒಮ್ಮೆ ಮಾಡಿದ ತೂತು ಸಾಯುವವರೆಗೂ ತೂತೇ. ಅಲ್ಲಿಂದಲೇ ನೀರು ಒಳಗೆ ಬರುವುದು. ಹಾಗಾಗಿ ಅವಳ ಪಾಲಿಗೆ ಇದ್ದದ್ದು ಒಂದೇ ತುಂಡು, ಒಂದೇ ಸಲ.

ಜೊತೆಗೆ ಕಳಿಸಬೇಕಾದ ಕಾಗದವನ್ನು ಅವಳು ಪಟ್ಟಿ ಬಂದ ದಿನವೇ ಬರೆದು ಮುಗಿಸಿದ್ದಳು. ಹೆಸರು, ವಿಳಾಸ, ಮನೆಯಲ್ಲಿ ತುಳಿಯುವ ಮಿಷನ್ ಇದೆ, ಬೆಳಗಿನಿಂದ ಸಂಜೆಯವರೆಗೆ ಹೊಲಿಯಬಲ್ಲೆ, ಇಷ್ಟೇ. ಆ ಕಾಗದ ಲಕೋಟೆಯೊಳಗೆ ಸೇರಿ, ಲಕೋಟೆ ಮಿಷನ್ನಿನ ಡ್ರಾಯರು ಸೇರಿ, ಮೇಲೆ ನೂಲಿನುಂಡೆಗಳು ಬಿದ್ದು, ಅಲ್ಲೇ ತಿಂಗಳುಗಟ್ಟಲೆ ತೂಕಡಿಸುತ್ತಿತ್ತು. ಪಟ್ಟಿಯನ್ನು ಹೊಲಿಯುವ ಧೈರ್ಯ ಅವಳಿಗೆ ಬರಲೇ ಇಲ್ಲ. ಈಗ ಗಡುವು ಬಂದು ಬಾಗಿಲಲ್ಲಿ ಕೂತಿತ್ತು. ಇವತ್ತು ಸಂಜೆಯ ಅಂಚೆಗೆ ಹೋಗದಿದ್ದರೆ ಅದು ಸಮಯಕ್ಕೆ ಅವರ ಕೈ ಸೇರುವುದಿಲ್ಲ.

ಹೊದಿಕೆ ಮಡಿಸಿಟ್ಟು ಮಿಷನ್ನಿನ ಮುಂದೆ ಕೂತಳು. ಹಳೆಯ ಸೀರೆಯ ತುಂಡೊಂದನ್ನು ಮಡಿಸಿ ಹೊಲಿದಳು. ಹೊರಡುವಾಗ ನೆಟ್ಟಗೇ ಹೊರಟಿತು. ಅರ್ಧ ದಾರಿಗೆ ಬಂದದ್ದೇ ಎಡಕ್ಕೆ ವಾಲಿತು, ತಡಬಡಿಸಿ ಬಲಕ್ಕೆ ಬಂತು, ಕೊನೆಗೆ ಮತ್ತೆ ಎಡಕ್ಕೆ ಹೋಗಿ ನಿಂತಿತು. ಇನ್ನೊಂದು ತುಂಡು. ಅದೇ ಕತೆ.

ನನ್ನ ಹೊಲಿಗೆಯೂ ಅಷ್ಟಕ್ಕಷ್ಟೇ. ದಿಂಬಿನ ಚೀಲ, ಪರದೆಯ ಅಂಚು, ಹರಿದ ಜೇಬು, ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಆದರೂ ತಿಳಿದದ್ದನ್ನೆಲ್ಲ ಮಾಡಿದೆ. ಹಳೆಯ ಸೂಜಿ ತೆಗೆದು ಹೊಸದು ಹಾಕಿದೆ. ಸೂಜಿಯ ಕೆಳಗಿನ ತಟ್ಟೆ ಬಿಚ್ಚಿ, ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಆ ಸಣ್ಣ ಹಲ್ಲುಗಳ ಸಂದಿಯಿಂದ ನೂಲಿನ ಧೂಳು ಕಿತ್ತೆ. ಒಂದು ಇಲಿಮರಿಯಷ್ಟು ಬಂತು. ಹೊಲಿಗೆ ಸ್ವಲ್ಪ ಉದ್ದ ಬೀಳುವಂತೆ ತಿರುಪು ತಿರುಗಿಸಿದೆ. ಅವಳು ಸೂಜಿಗೆ ಎದುರಾಗಿ ನೆಟ್ಟಗೆ ಕೂರಲೆಂದು ಸ್ಟೂಲನ್ನು ಸರಿಸಿದೆ. ಒಂದೊಂದು ಸಲವೂ ಗುಬ್ಬಿ ನನ್ನ ಮುಖ ನೋಡಿ, ಉಸಿರು ಬಿಗಿಹಿಡಿದು, ಹೊಲಿದಳು. ಒಂದೊಂದು ಸಲವೂ ಸಾಲು ಎಡಕ್ಕೆ ವಾಲಿತು.

“ಕುಡಿದವನು ಬೀದಿಯಲ್ಲಿ ಹೋದ ಹಾಗಿದೆ” ಎಂದು ತುಂಡನ್ನು ಮೂಲೆಗೆ ಎಸೆದಳು. “ಇದನ್ನ ಯಾರಾದ್ರೂ ನೋಡಿದ್ರೆ ಡೇರೆ ಬಿಡಿ, ಕೈಯೊರೆಸೋ ಬಟ್ಟೆನೂ ನನ್ನ ಕೈಗೆ ಕೊಡಲ್ಲ.”

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕೆಳಮನೆಯ ಟೈಲರಮ್ಮ. ಅಳತೆಯ ಟೇಪು ಆಕೆಯ ಕತ್ತಿನಿಂದ ಇಳಿದದ್ದನ್ನು ನಾನು ನೋಡಿಲ್ಲ.

“ಏನ್ರೀ, ಬೆಳಗ್ಗಿಂದ ರೈಲು ಓಡಿಸ್ತಿದ್ದೀರಾ? ನನ್ನ ತಲೆ ಮೇಲೇ ಹಳಿ ಹಾಕಿದ ಹಾಗಿದೆ” ಎನ್ನುತ್ತಲೇ ಒಳಗೆ ಬಂದು, ಮೂಲೆಯಲ್ಲಿ ರಾಶಿ ಬಿದ್ದಿದ್ದ ತುಂಡುಗಳಲ್ಲಿ ಒಂದನ್ನು ಎತ್ತಿ ನೋಡಿದಳು. ನಗಲಿಲ್ಲ, ಅದು ಆಕೆಯ ದೊಡ್ಡತನ. “ಅಭ್ಯಾಸ ಆಗ್ಬೇಕು ಗುಬ್ಬಿ. ಕೈಗೇ ಗೊತ್ತಾಗುತ್ತೆ. ಇದನ್ನೆಲ್ಲ ಬಾಯಲ್ಲಿ ಹೇಳಿಕೊಡೋದು ಹೆಂಗೆ?”

“ಕೈಗೆ ಗೊತ್ತಾಗೋಷ್ಟು ಟೈಮಿಲ್ಲ ಅಕ್ಕ. ಸಂಜೆಯೊಳಗೆ ಹೋಗ್ಬೇಕು.”

ಟೈಲರಮ್ಮ ಮೇಜಿನ ಮೇಲಿದ್ದ ಹಸಿರು ಪಟ್ಟಿಯನ್ನು ನೋಡಿದಳು. ನನ್ನ ಕಡೆ ನೋಡಿದಳು. ದನಿ ಇಳಿಸಿದಳು, ಕೇಳುವವರು ಯಾರೂ ಇರದಿದ್ದರೂ. “ಕೊಡು ಇಲ್ಲಿ. ಎಲೆ ಅಡಿಕೆ ಹಾಕ್ಕೊಳ್ಳೋ ಹೊತ್ತಲ್ಲಿ ಮುಗಿಸಿಕೊಡ್ತೀನಿ. ಯಾರು ಹೊಲಿದ್ರು ಅಂತ ಬಟ್ಟೆ ಮೇಲೆ ಬರೆದಿರುತ್ತಾ?”

ಗುಬ್ಬಿಯ ಕೈ ಪಟ್ಟಿಯ ಮೇಲಿತ್ತು. ಆ ಕೈ ಅದನ್ನು ಮುಂದಕ್ಕೆ ಒಂದಿಷ್ಟು ತಳ್ಳಿದ್ದನ್ನು ನಾನು ನೋಡಿದೆ. ಬೇಡ ಅನ್ನಲು ನನಗೂ ಬಾಯಿ ಬರಲಿಲ್ಲ. ಸುಳ್ಳು ಸಣ್ಣದು, ಆ ಉಗಿಕೋಣೆ ದೊಡ್ಡದು. ನನ್ನ ಮಗು ಬದುಕುವುದಾದರೆ ನನಗೆ ಇನ್ನೇನು ಬೇಕು?

“ಇದನ್ನ ನೀವು ಹೊಲೀತೀರಿ. ಆಮೇಲೆ ಅವರು ಗಾಡಿ ತುಂಬ ಕಳಿಸ್ತಾರಲ್ಲ, ಅದನ್ನ ಯಾರು ಹೊಲೀತಾರೆ ಅಕ್ಕ?” ಎಂದಳು ಗುಬ್ಬಿ. ಕೈ ಪಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಿತು.

“ಅಷ್ಟು ಹೊತ್ತಿಗೆ ಕಲೀತೀಯ.”

“ಕಲೀಲಿಲ್ಲ ಅಂದ್ರೆ? ಯಾರೋ ಮಕ್ಕಳು ಮರಿ ಕಟ್ಕೊಂಡು ಡೇರೇಲಿ ಮಲಗಿರ್ತಾರೆ, ಮೇಲಿಂದ ನೀರು ಸುರಿಯುತ್ತೆ.”

“ಆಯ್ತಮ್ಮ ಮಹಾರಾಣಿ, ನಿನ್ನಿಷ್ಟ” ಎಂದು ಟೈಲರಮ್ಮ ಎದ್ದಳು. ಕೋಪವಿರಲಿಲ್ಲ. ಬಾಗಿಲಲ್ಲಿ ನಿಂತು, “ಮನಸ್ಸು ಬದಲಾದ್ರೆ ನೆಲಕ್ಕೆ ಕಾಲಲ್ಲಿ ಕುಟ್ಟು, ನಂಗೆ ಕೇಳುತ್ತೆ” ಎಂದು ಹೋದಳು.

ಅಳಿಯ ಊಟಕ್ಕೆ ಬಂದಾಗ ಕೋಣೆಯ ತುಂಬ ತುಂಡುಬಟ್ಟೆ. ಅವನದು ಲಿಫ್ಟ್ ರಿಪೇರಿಯ ಕೆಲಸ. ಊರಿನ ಲಿಫ್ಟುಗಳನ್ನೆಲ್ಲ ಮೇಲೆ ಕೆಳಗೆ ಓಡಿಸುವವನ ಮನೆಗೆ ಮಾತ್ರ ಮೂರು ಮಹಡಿ ಮೆಟ್ಟಿಲೇ ಗತಿ. ನನ್ನ ಮಂಡಿ ಅದಕ್ಕಾಗಿ ಅವನನ್ನು ದಿನವೂ ಬಯ್ಯುತ್ತದೆ. ಹೆಂಡತಿಯ ಮುಖ ನೋಡಿದವನೇ ಏನೂ ಕೇಳದೆ ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದ.

“ಇದಕ್ಕೆ ಹಳಿ ಇಲ್ಲ” ಎಂದ.

“ಏನು?”

“ಲಿಫ್ಟು ನೆಟ್ಟಗೆ ಹೋಗೋದು ಅದರ ಬುದ್ಧಿವಂತಿಕೆಯಿಂದಲ್ಲ ಗುಬ್ಬಿ. ಎರಡು ಕಡೆ ಹಳಿ ಇರುತ್ತೆ. ಹಳಿ ತೆಗೆದು ಬಿಟ್ರೆ ಅದೂ ಹಿಂಗೇ ಓಲಾಡುತ್ತೆ.” ತನ್ನ ಸಾಮಾನಿನ ಚೀಲ ಕೆದಕಿ, ಯಾವುದೋ ಹಳೆಯ ಲಿಫ್ಟಿನ ಬಾಗಿಲಿನಿಂದ ಬಿಚ್ಚಿದ ಕಡ್ಡಿಯಂಥ ಮ್ಯಾಗ್ನೆಟ್ ತೆಗೆದ. ಸೂಜಿಯಿಂದ ಬಲಕ್ಕೆ ಅರ್ಧ ಇಂಚು ಅಳೆದು ಮಿಷನ್ನಿನ ಕಬ್ಬಿಣಕ್ಕೆ ಇಟ್ಟ. ಟಕ್ ಎಂದು ಕಚ್ಚಿಕೊಂಡಿತು. “ಇದೇ ಹಳಿ. ಬಟ್ಟೆ ಅಂಚು ಇದಕ್ಕೆ ಒರಗಿಕೊಂಡು ಹೋಗ್ಲಿ. ಗೆರೆ ಹಾಕ್ಬಾರ್ದು ಅಂದಿದ್ದಾರೆ, ಹಳಿ ಹಾಕ್ಬಾರ್ದು ಅಂದಿಲ್ಲ.”

ನನಗೆ ಜೀವ ಬಂದ ಹಾಗಾಯಿತು. “ಅಳಿಯಂದ್ರೇ, ನಿಮಗೆ ಇವತ್ತು ಎರಡು ಸಲ ಅನ್ನ ಬಡಿಸ್ತೀನಿ” ಎಂದೆ.

“ದಿನಾ ಒಂದೇ ಸಲ ಬಡಿಸ್ತಿದ್ರಾ? ಅದಕ್ಕೇ ನಾನು ಸಣ್ಣಗಾಗಿರೋದು” ಎಂದ. ಅವನ ಹೊಟ್ಟೆ ನೋಡಿದರೆ ಆ ಮಾತಿಗೆ ಸಾಕ್ಷಿ ಸಿಗುವುದಿಲ್ಲ.

ಗುಬ್ಬಿ ಹೊಲಿದಳು. ಬಟ್ಟೆಯ ಅಂಚು ಮೊದಲು ಮ್ಯಾಗ್ನೆಟ್ಟಿಗೆ ಒರಗಿಯೇ ಸಾಗಿತು. ಆಮೇಲೆ ಮೆಲ್ಲಗೆ ಅದನ್ನು ಬಿಟ್ಟು, ಎಡಕ್ಕೆ, ಎಡಕ್ಕೆ. ಹಳಿ ಇತ್ತು, ಗಾಡಿಯೇ ಹಳಿ ಬಿಟ್ಟು ಹೋಗುತ್ತಿತ್ತು.

ಅವಳು ಪೆಡಲಿನಿಂದ ಕಾಲು ತೆಗೆದಳು. ಅಳಿಯ ತಟ್ಟೆಯ ಮುಂದೆ ಕೂತವನು ತುತ್ತು ಎತ್ತಲಿಲ್ಲ. ಕಿಟಕಿಯ ಬಿಸಿಲು ಆಗಲೇ ಮೇಜಿನಿಂದ ಇಳಿದು ನೆಲಕ್ಕೆ ಬಂದಿತ್ತು.

“ನಾನು ಮೇಸ್ತ್ರಿಗೆ ಬರ್ತೀನಿ ಅಂತೀನಿ ದೊಡ್ಡಮ್ಮ. ಬಾಯಿಗೆ ಬಟ್ಟೆ ಕಟ್ಕೊಂಡು ನಿಂತ್ಕೋತೀನಿ.”

“ಇನ್ನೊಂದು ಸಲ ಹೊಲಿ” ಎಂದೆ.

“ಎಷ್ಟು ಸಲ ಅಂತ?”

“ಇನ್ನೊಂದು ಸಲ. ಆ ಕಡೆ ತುದಿ ನಾನು ಹಿಡ್ಕೋತೀನಿ, ಭಾರ ಕೆಳಕ್ಕೆ ಬೀಳದ ಹಾಗೆ.”

ಹೀಗೆ ಹೇಳಿ ಸ್ಟೂಲೊಂದನ್ನು ಎಳೆದುಕೊಂಡು ಮಿಷನ್ನಿನ ಆಚೆ ಬದಿಗೆ, ಅವಳಿಗೆ ಎದುರಾಗಿ ಕೂತೆ. ಅಲ್ಲಿಯವರೆಗೂ ನಾನು ಅವಳ ಹೆಗಲ ಹಿಂದೆ ನಿಂತು ಬಟ್ಟೆಯನ್ನೇ ನೋಡುತ್ತಿದ್ದೆ. ಬಟ್ಟೆ ಎಲ್ಲಿ ತಪ್ಪುತ್ತದೆ, ಯಾವಾಗ ತಪ್ಪುತ್ತದೆ ಎಂದು. ಈಗ ಎದುರಿಗೆ ಕೂತಾಗ ಬಟ್ಟೆ ಕಾಣಲಿಲ್ಲ, ಅವಳ ಮುಖ ಕಂಡಿತು.

ಕಾಲು ಪೆಡಲಿಗೆ ಹೋದದ್ದೇ ಆ ಮುಖ ಬೇರೆಯೇ ಆಯಿತು. ಹುಬ್ಬು ಗಂಟಿಕ್ಕಿತು, ತುಟಿ ಒಳಕ್ಕೆ ಹೋಯಿತು. ಎರಡೂ ಕಣ್ಣು ಸೂಜಿ ಇಳಿಯುವ ಜಾಗಕ್ಕೆ ಅಂಟಿಕೊಂಡವು, ರೆಪ್ಪೆ ಮುಚ್ಚಲಿಲ್ಲ. ಎಡಗೈ ಸೂಜಿಯ ಹಿಂದಕ್ಕೆ ಹೋಗಿ ಬಟ್ಟೆಯನ್ನು ಬಿಗಿಯಾಗಿ ಜಗ್ಗಿ ಹಿಡಿಯಿತು. ಬೆಳಗ್ಗೆ ಹೊದಿಕೆಯನ್ನು ಜಗ್ಗಿದ ಜಗ್ಗು ಅದೇ. ಮಿಷನ್ನಿನ ಹಲ್ಲುಗಳು ಬಟ್ಟೆಯನ್ನು ನೆಟ್ಟಗೆ ತಳ್ಳುತ್ತಿದ್ದವು, ಅವಳ ಎಡಗೈ ಅದನ್ನು ತನ್ನ ಕಡೆಗೆ, ಎಡಕ್ಕೆ, ಎಳೆಯುತ್ತಿತ್ತು. ಕಣ್ಣಿಗೆ ಮಾತ್ರ ಅದು ಗೊತ್ತೇ ಆಗುತ್ತಿರಲಿಲ್ಲ. ಕಣ್ಣು ಸೂಜಿಯನ್ನು ಕಾಯುತ್ತಿತ್ತು.

“ನಿಲ್ಸು. ಏನು ನೋಡ್ತಿದ್ದೀಯ?”

“ಸೂಜಿ.”

“ಸೂಜಿ ಎಲ್ಲಿಗೆ ಓಡಿಹೋಗುತ್ತೆ ಅಂತ ಕಾಯ್ತಿದ್ದೀಯೇ? ಅಂಚು ನೋಡು. ಮ್ಯಾಗ್ನೆಟ್ ನೋಡು.”

“ನೋಡ್ತೀನಿ” ಎಂದಳು. ಹೊಲಿಯಲು ಶುರುಮಾಡಿದ ಎರಡನೇ ಉಸಿರಿಗೇ ಕಣ್ಣು ಮತ್ತೆ ಸೂಜಿಗೆ ಹಾರಿತು. ಅವಳಿಗೇ ತಿಳಿಯದೆ.

“ಮತ್ತೆ ನೋಡ್ದೆ.”

“ಆಗಲ್ಲ ದೊಡ್ಡಮ್ಮ.” ಅವಳ ಎರಡು ಕೈಯೂ ಮಡಿಲಿಗೆ ಬಂದು ಒಂದನ್ನೊಂದು ಹಿಡಿದುಕೊಂಡವು. “ಬಾಯಿಂದ ಕಣ್ಣು ತೆಗೆದ್ರೆ ನನಗೆ...”

“ಯಾವ ಬಾಯಿ?”

ತಾನೇನು ಹೇಳಿದೆನೆಂದು ಅವಳಿಗೂ ಆಗಲೇ ಕೇಳಿಸಿದ್ದು.

ಆಮೇಲೆ ಹೇಳಿದಳು. ಕೆಲಸಕ್ಕೆ ಸೇರಿದ ಮೊದಲ ದಿನ ಮೇಸ್ತ್ರಿ ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಉರುಳೆಗಳ ಕಡೆಗೆ ತಿರುಗಿಸಿದ್ದನಂತೆ. “ಇದು ಬಾಯಿ. ಇದರಿಂದ ಕಣ್ಣು ತೆಗೀಬೇಡ. ಪಕ್ಕದಲ್ಲಿ ಯಾರು ಸತ್ರೂ ತೆಗೀಬೇಡ. ಬಟ್ಟೆ ಜಗ್ಗಿ ಹಿಡಿ, ಬಾಯಿ ನೋಡು. ಇದಿಷ್ಟೇ ಕೆಲಸ” ಎಂದಿದ್ದನಂತೆ. ಒಳ್ಳೆಯದಕ್ಕೇ ಹೇಳಿದ್ದು. ಅದನ್ನು ಕೇಳದವಳೊಬ್ಬಳಿದ್ದಳು, ಇವಳ ಜೊತೆಗಾತಿ, ಉದ್ದ ಜಡೆಯವಳು. ಯಾರೋ ನಗಿಸಿದರೆಂದು ಒಂದು ಗಳಿಗೆ ತಿರುಗಿ ನಕ್ಕಳು. ಉರುಳೆ ಹೊದಿಕೆಯ ಜೊತೆಗೆ ಬೆರಳುಗಳನ್ನೂ ತೆಗೆದುಕೊಂಡಿತು. ಹೊದಿಕೆಯ ಇನ್ನೊಂದು ತುದಿ ಗುಬ್ಬಿಯ ಕೈಯಲ್ಲಿತ್ತು.

ಇದನ್ನು ಅವಳು ಯಾವತ್ತೂ ನಮಗೆ ಹೇಳಿರಲಿಲ್ಲ. ಅಳಿಯ ತಟ್ಟೆಯನ್ನು ಪಕ್ಕಕ್ಕಿಟ್ಟು ಕೈ ತೊಳೆಯಲು ಎದ್ದುಹೋದ. ನೀರು ಬಹಳ ಹೊತ್ತು ಸುರಿಯಿತು.

ನಾನು ಯೋಚಿಸಿದೆ. ಹೆದರಬೇಡ ಎಂದು ಹೇಳುವುದು ಸುಲಭ. ಆ ಹೆದರಿಕೆಯೇ ಅವಳ ಬೆರಳುಗಳನ್ನು ಇಷ್ಟು ವರ್ಷ ಕಾಪಾಡಿದೆ. ಅದನ್ನು ಬಯ್ದು ಓಡಿಸಿದರೆ ಹೋಗುತ್ತದೆಯೇ? ಅದಕ್ಕೆ ಬೇರೆ ಒಂದು ಕಾವಲು ತೋರಿಸಬೇಕು.

ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ತಂದು ಒಂದು ಪಟ್ಟಿ ಕತ್ತರಿಸಿ, ಸೂಜಿಯ ಈಚೆಗೆ, ನಾಲ್ಕು ಬೆರಳಿನ ಅಂತರದಲ್ಲಿ ಮಿಷನ್ನಿಗೆ ಅಡ್ಡಲಾಗಿ ಅಂಟಿಸಿದೆ.

“ಇದು ನಿನ್ನ ಕೈಗೆ ಗಡಿ. ಎರಡು ಕೈಯೂ ಇದರ ಈಚೆ. ಹಿಂದೆ ಹೋಗಿ ಎಳೆಯೋ ಕೆಲಸವೇ ಇಲ್ಲ. ಎಳೆಯೋಕೆ ಒಳಗೆ ಹಲ್ಲಿದೆ, ಅದರ ಹೊಟ್ಟೆಪಾಡೇ ಅದು. ಕೈ ಇಲ್ಲಿದ್ರೆ ಸೂಜಿ ಏನು ಮಾಡುತ್ತೆ ಹೇಳು?”

ಗುಬ್ಬಿ ತನ್ನ ಬೆರಳುಗಳನ್ನೇ ನೋಡಿಕೊಂಡಳು.

“ಉರುಳೆ ಎಳ್ಕೊಳ್ಳುತ್ತೆ ಗುಬ್ಬಿ. ಸೂಜಿ ಎಳ್ಕೊಳ್ಳಲ್ಲ. ಅದಕ್ಕೆ ಗೊತ್ತಿರೋದು ಮೇಲೆ ಕೆಳಗೆ ಅಷ್ಟೇ, ನಿನ್ನ ಗಂಡನ ಲಿಫ್ಟಿನ ಹಾಗೆ. ನಿಂತಿರೋರ ಹತ್ರಕ್ಕೆ ಲಿಫ್ಟು ನಡ್ಕೊಂಡು ಬಂದು ಕಚ್ಚುತ್ತಾ?”

“ಕೆಲವು ಕಚ್ತಾವೆ” ಎಂದ ಅಳಿಯ, ಒದ್ದೆ ಕೈಯಲ್ಲೇ ಬಂದು ನಿಂತು. “ಅವುಗಳಿಗೇ ನನ್ನನ್ನ ಕರೆಯೋದು.”

ಗುಬ್ಬಿಯ ತುಟಿ ಒಂದು ಕಡೆ ಸಡಿಲವಾಯಿತು.

ಹಳೆಯ ಕ್ಯಾಲೆಂಡರಿನ ರಟ್ಟನ್ನು ಅಂಗೈಯಗಲ ಕತ್ತರಿಸಿ, ಸೂಜಿ ಕಾಣದಂತೆ ಅದರ ಮುಂದೆ ದಾರದಲ್ಲಿ ಕಟ್ಟಿ ತೂಗುಬಿಟ್ಟೆ. ದಾರದ ಉಂಡೆ ತೆಗೆದೆ. ನಾನು ರಾತ್ರಿ ಶಾಲೆಗೆ ಹೋಗುತ್ತಿದ್ದ ಕಾಲದಿಂದ ಉಳಿದಿದ್ದ ಗೆರೆ ಹಾಕಿದ ಕಾಗದಗಳನ್ನು ತಂದು, ಬಟ್ಟೆಯ ಬದಲು ಒಂದು ಹಾಳೆಯನ್ನು, ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ನಿನ ಪಾದದ ಕೆಳಗಿಟ್ಟೆ. “ದಾರ ಇಲ್ಲ, ಬಟ್ಟೆ ಇಲ್ಲ. ಹಾಳಾಗೋಕೆ ಏನೂ ಇಲ್ಲ. ಕಾಗದದ ಅಂಚು ಮ್ಯಾಗ್ನೆಟ್ಟಿಗೆ ಒರಗಿರ್ಲಿ. ಕಣ್ಣು ಅಲ್ಲಿ. ನಡಿ.”

ಮೊದಲ ಹಾಳೆಗೆ ಅವಳು ಕಣ್ಣೇ ಮುಚ್ಚಿಕೊಂಡಳು. ಎರಡನೆಯದಕ್ಕೆ ಕಣ್ಣು ಬಿಟ್ಟಳು, ಆದರೆ ತಲೆ ರಟ್ಟಿನ ಹಿಂದೆ ಇಣುಕಲು ಹೋಯಿತು. ನಾನು ಎದುರಿನಿಂದ ಅವಳ ಹಣೆಗೆ ಒಂದು ಬೆರಳಿಟ್ಟು ಹಿಂದಕ್ಕೆ ತಳ್ಳಿದೆ. ಮುಂದಿನದಕ್ಕೆ ಎಡಗೈ ಗಡಿ ದಾಟಲು ನೋಡಿತು. ಪ್ಲಾಸ್ಟರಿನ ಒರಟು ಬೆರಳಿಗೆ ತಗುಲಿದ್ದೇ ಅಲ್ಲೇ ನಿಂತಿತು. ಅವಳ ಹಣೆಯಿಂದ ಬೆವರು ಕಾಗದದ ಮೇಲೆ ಬಿತ್ತು. ನಾವ್ಯಾರೂ ಅವಸರ ಮಾಡಲಿಲ್ಲ, ಕಿಟಕಿಯ ಬಿಸಿಲು ಮಾತ್ರ ಅವಸರ ಮಾಡುತ್ತಿತ್ತು. ಹಾಳೆಯ ಮೇಲೆ ಹಾಳೆ ಹೋಯಿತು. ಯಾವಾಗಲೋ ಒಮ್ಮೆ ಮಿಷನ್ನಿನ ಸದ್ದು ಬದಲಾಯಿತು. ಅಲ್ಲಿಯವರೆಗೆ ಓಡು, ನಿಲ್ಲು, ಓಡು ಎನ್ನುತ್ತಿದ್ದದ್ದು ಒಂದೇ ನಡೆಗೆ ಬಂತು. ಹಾಳೆಯನ್ನು ತೆಗೆದು ಬೆಳಕಿಗೆ ಹಿಡಿದರೆ ತೂತುಗಳು ಮುದ್ರಿಸಿದ ಗೆರೆಯ ಪಕ್ಕಕ್ಕೇ ಸಾಲಾಗಿ ಹೋಗಿದ್ದವು, ಈ ತುದಿಯಿಂದ ಆ ತುದಿಗೆ.

ಗುಬ್ಬಿ ಅದನ್ನು ನೋಡಿದಳು. ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. “ದಾರ ಹಾಕಿ” ಎಂದಳು.

ದಾರ ಹಾಕಿ ಸೀರೆಯ ತುಂಡಿನ ಮೇಲೆ ಹೊಲಿದಳು. ಚೆನ್ನಾಗಿ ಬಂತು. ಇನ್ನೊಂದು, ಅಷ್ಟು ಚೆನ್ನಾಗಿಲ್ಲ. ಇನ್ನೊಂದು ಚೆನ್ನಾಗಿ ಬಂತು.

“ಈಗ ರಟ್ಟು ತೆಗೀರಿ ದೊಡ್ಡಮ್ಮ.”

“ಇರ್ಲಿ ಬಿಡೇ, ಇವತ್ತೊಂದಿನ.”

“ದಾರ ತುಂಡಾದ್ರೆ ಗೊತ್ತಾಗಲ್ಲ. ತೆಗೀರಿ.”

ಹಸಿರು ಪಟ್ಟಿ ಮಿಷನ್ನಿಗೆ ಬಂದಾಗ ಹೊರಗೆ ಬಿಸಿಲು ಬಣ್ಣ ಬದಲಿಸಿತ್ತು. ಗುಂಡುಸೂಜಿ ಚುಚ್ಚುವಂತಿರಲಿಲ್ಲವಲ್ಲ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದಲೇ ಎರಡು ಪದರ ಕಚ್ಚಿಸಿದೆವು. ಮೇಣದಂಥ ಬಟ್ಟೆ ಪಾದಕ್ಕೆ ಅಂಟಿ ತೊದಲುತ್ತದೆಂದು ಟೈಲರಮ್ಮ ಯಾವಾಗಲೋ ಹೇಳಿದ್ದು ನೆನಪಾಗಿ, ಮುಖಕ್ಕೆ ಹಚ್ಚುವ ಪೌಡರನ್ನು ಬೆರಳಿನಲ್ಲಿ ತೆಗೆದು ಪಾದದ ಅಡಿಗೆ ಸವರಿದೆ.

“ಮಿಷನ್ನಿಗೂ ಪೌಡರಾ? ಹೆಣ್ಣು ನೋಡೋಕೆ ಯಾರಾದ್ರೂ ಬರ್ತಿದ್ದಾರಾ?” ಎಂದ ಅಳಿಯ. ಮಧ್ಯಾಹ್ನದ ಕೆಲಸಕ್ಕೆ ಅವನು ಹೋಗಿರಲೇ ಇಲ್ಲ. ಎಲ್ಲೋ ಯಾವುದೋ ಲಿಫ್ಟಿನವರು ಅವನಿಗೆ ಶಾಪ ಹಾಕುತ್ತಿದ್ದಿರಬೇಕು.

ಗುಬ್ಬಿ ಸ್ಟೂಲನ್ನು ಎಳೆದುಕೊಂಡು ಕೂತಳು. ಪಾದ ಇಳಿಸಿದಳು. ಚಕ್ರವನ್ನು ಕೈಯಲ್ಲಿ ತಿರುಗಿಸಿ ಸೂಜಿಯನ್ನು ಬಟ್ಟೆಯೊಳಗೆ ಇಳಿಸಿದಳು. ಮೊದಲ ತೂತು ಬಿತ್ತು. ಇನ್ನು ಅದು ಮುಚ್ಚುವುದಿಲ್ಲ.

ಕಣ್ಣು ಮ್ಯಾಗ್ನೆಟ್ಟಿಗೆ ಹೋಯಿತು.

ಮಿಷನ್ ಮೆಲ್ಲಗೆ ನಡೆಯಿತು. ನಾನು ಆಚೆ ಬದಿಯಲ್ಲಿ ಪಟ್ಟಿಯನ್ನು ಅಂಗೈಮೇಲೆ ತೇಲಿಸಿಕೊಂಡು ಕೂತಿದ್ದೆ, ಎಳೆಯದೆ, ತಡೆಯದೆ. ಪಾದದ ಹತ್ತಿರ ಬಂದ ಕ್ಲಿಪ್ಪನ್ನು ಅವಳು ಬಲಗೈಯಿಂದ ತೆಗೆದಳು. ಅದು ನೆಲಕ್ಕೆ ಬಿದ್ದ ಸದ್ದು ಕೋಣೆಯಲ್ಲಿ ಅದೆಷ್ಟು ದೊಡ್ಡದಾಗಿ ಕೇಳಿಸಿತು. ಮತ್ತೊಂದು ಕ್ಲಿಪ್ಪು. ಅವಳ ರೆಪ್ಪೆಗಳು ಮುಚ್ಚಿ ತೆರೆಯುತ್ತ ಇದ್ದವು, ಅದನ್ನು ಕಂಡು ನನಗೆ ಅರ್ಧ ಸಮಾಧಾನ.

ಅರ್ಧ ಪಟ್ಟಿ ದಾಟಿತ್ತು. ಕಟ್ಟೆಯ ಮೇಲಿನ ಫೋನು ಬಡಿದುಕೊಂಡಿತು.

ಮೇಸ್ತ್ರಿ. ಬೇರೆ ಯಾರು?

ಗುಬ್ಬಿಯ ಕಾಲು ನಿಂತಿತು. ಸೂಜಿ ಬಟ್ಟೆಯ ಒಳಗೇ ನಿಂತಿತು. ಫೋನು ಕಟ್ಟೆಯ ಮೇಲೆ ನಡುಗುತ್ತ ಜಾರುತ್ತ ಕಿರುಚುತ್ತಿತ್ತು. ನಾನು ಎದ್ದರೆ ಪಟ್ಟಿ ಜಗ್ಗುತ್ತದೆ. ಅಳಿಯ ಬಾಗಿಲಲ್ಲಿ ಒಂದು ಹೆಜ್ಜೆ ಎತ್ತಿದವನು ಎತ್ತಿದಂತೆಯೇ ನಿಂತ. ಅವಳ ಎಡಗೈ ಮೆಲ್ಲಗೆ ಮುಂದಕ್ಕೆ ಸರಿಯುತ್ತಿದ್ದುದನ್ನು ನೋಡಿದೆ. ಬೆರಳ ತುದಿ ಪ್ಲಾಸ್ಟರನ್ನು ಮುಟ್ಟಿತು. ಕಣ್ಣು ಸೂಜಿಯ ಕಡೆಗೆ ಹೊರಟಿತು, ಅರ್ಧ ದಾರಿ ಹೋಯಿತು.

ಈಗ ನಾನು ಏನು ಹೇಳಿದರೂ ಅದು ಇನ್ನೊಂದು ಫೋನಾಗುತ್ತಿತ್ತು.

ಕರೆ ನಿಂತಿತು. ಒಂದು ಗಳಿಗೆ ಬಿಟ್ಟು ಮತ್ತೆ ಶುರುವಾಯಿತು.

ಅವಳು ಉಸಿರು ಹೊರಬಿಟ್ಟಳು, ಉದ್ದಕ್ಕೆ. ಕೆಮ್ಮು ಬರಲಿಲ್ಲ. ಕಣ್ಣು ಬಲಕ್ಕೆ ತಿರುಗಿ ಮ್ಯಾಗ್ನೆಟ್ಟಿನ ಮೇಲೆ ಕೂತಿತು. ಎಡಗೈ ಹಿಂದಕ್ಕೆ ಬಂತು. ಕಾಲು ಪೆಡಲನ್ನು ಒತ್ತಿತು. ಫೋನಿನ ಸದ್ದಿನೊಳಗೇ ಮಿಷನ್ನಿನ ಸದ್ದು ನಡೆಯಿತು, ಅದೇ ನಡೆ, ಅವಸರವಿಲ್ಲದೆ. ಕೊನೆಯ ಕ್ಲಿಪ್ಪು ನೆಲಕ್ಕೆ ಬಿದ್ದಾಗ ಫೋನು ಸುಮ್ಮನಾಗಿತ್ತು. ಪಟ್ಟಿಯ ತುದಿ ಪಾದವನ್ನು ದಾಟಿ ನನ್ನ ಅಂಗೈಗೆ ಬಂತು.

ಕಿಟಕಿಯ ಬೆಳಕಿಗೆ ಹಿಡಿದೆವು, ಮೂರು ತಲೆ ಸೇರಿಸಿ. ಸಾಲು ಅಂಚನ್ನು ಬಿಟ್ಟು ಎಲ್ಲಿಯೂ ಹೋಗಿರಲಿಲ್ಲ. ಫೋನು ಬಂದಲ್ಲಿ ಒಂದು ಹೊಲಿಗೆ ಮಾತ್ರ ಪಕ್ಕದವುಗಳಿಗಿಂತ ಗಿಡ್ಡ.

“ಇದು ಕಾಣುತ್ತೆ” ಎಂದಳು ಗುಬ್ಬಿ.

“ಕಾಣುತ್ತೆ. ಆದ್ರೆ ಸಾಲಲ್ಲೇ ನಿಂತಿದೆ” ಎಂದೆ.

“ಅವರು ಬೇಡ ಅಂದ್ರೆ?”

ಉತ್ತರಕ್ಕೆ ಅವಳು ಕಾಯಲಿಲ್ಲ. ಡ್ರಾಯರು ಎಳೆದು, ನೂಲಿನುಂಡೆಗಳ ಅಡಿಯಿಂದ ಲಕೋಟೆ ತೆಗೆದಳು. ಕಾಗದದ ಮೇಲಿದ್ದ ಹಳೆಯ ತಾರೀಖನ್ನು ಹೊಡೆದುಹಾಕಿ ಇವತ್ತಿನದನ್ನು ಬರೆದಳು. ಪಟ್ಟಿಯನ್ನು ಮಡಿಕೆ ಬೀಳದ ಹಾಗೆ ಸಡಿಲವಾಗಿ ಸುತ್ತಿ ಒಳಗಿಟ್ಟಾಗ ಲಕೋಟೆ ಬಸುರಿಯ ಹಾಗೆ ಉಬ್ಬಿತು. ಅಂಟು ಹಚ್ಚಿ, ಅಂಗೈಯಿಂದ ಒತ್ತಿ ಹಿಡಿದುಕೊಂಡೇ, ಫೋನನ್ನೂ ಎತ್ತಿಕೊಂಡು ಮೆಟ್ಟಿಲಿಗೆ ಓಡಿದಳು. ನಾನೂ ಅವಳ ಹಿಂದೆ, ಗೋಡೆ ಹಿಡಿದುಕೊಂಡು, ಮಂಡಿಗೆ ಸುಮ್ಮನಿರು ಎಂದು ಹೇಳುತ್ತ ಇಳಿದೆ. ಕೆಳಗೆ ಟೈಲರಮ್ಮ ಬಾಗಿಲಲ್ಲೇ ನಿಂತಿದ್ದಳು. “ಕುಟ್ಟಲಿಲ್ಲ ನೀನು” ಎಂದಳು. ಗುಬ್ಬಿ ಲಕೋಟೆಯನ್ನು ಎತ್ತಿ ತೋರಿಸಿದಳು, ನಿಲ್ಲಲಿಲ್ಲ.

ಅಂಚೆ ಪೆಟ್ಟಿಗೆ ಬೀದಿಯ ತಿರುವಿನಲ್ಲಿ, ಔಷಧಿ ಅಂಗಡಿಯ ಗೋಡೆಗಿದೆ. ಅಂಚೆಯವನ ವ್ಯಾನು ಬೀದಿಯ ಆ ತುದಿಯಲ್ಲಿ ತಿರುಗುತ್ತಿದ್ದುದು ಕಂಡಿತು. ನಾನು ಏದುಸಿರು ಬಿಡುತ್ತ ಅಲ್ಲಿಗೆ ತಲುಪುವಾಗ ಅವಳು ಪೆಟ್ಟಿಗೆಯ ಮುಂದೆ ನಿಂತಿದ್ದಳು, ಲಕೋಟೆ ಒಂದು ಕೈಯಲ್ಲಿ, ಇನ್ನೊಂದು ಕೈಯಲ್ಲಿ ಫೋನು. ಮತ್ತೆ ಬಡಿದುಕೊಳ್ಳುತ್ತಿತ್ತು. ಈ ಸಲ ಎತ್ತಿದಳು.

“ಎಲ್ಲಮ್ಮ ಸತ್ತೋಗಿದ್ದೆ? ಎಷ್ಟು ಸಲ ಮಾಡ್ಬೇಕು? ಸೋಮವಾರ ಬರ್ತೀಯೋ ಇಲ್ವೋ?”

“ಬರಲ್ಲ ಸಾರ್” ಎಂದಳು. ಅತ್ತ ಡೇರೆಯವರ ಉತ್ತರ ಬರುವ ಮೊದಲೇ ಇತ್ತ ಬಾಗಿಲು ಹಾಕಿಬಿಟ್ಟಳಲ್ಲ. “ಬೇರೆಯವರನ್ನ ಹಾಕಿ. ನನಗೆ ಹೇಳಿಕೊಟ್ಟ ಹಾಗೇ ಅವರಿಗೂ ಹೇಳಿಕೊಡಿ, ಬಾಯಿಂದ ಕಣ್ಣು ತೆಗೀಬೇಡಿ ಅಂತ.”

ಆಚೆಯಿಂದ ಮೇಸ್ತ್ರಿ ಏನೋ ಹೇಳುತ್ತಿದ್ದ. ಮೊದಲ ಸಲ ಅವನ ಮಾತು ನನಗೆ ಕೇಳಿಸಲಿಲ್ಲ.

ಲಕೋಟೆ ಉಬ್ಬಿತ್ತು, ಪೆಟ್ಟಿಗೆಯ ಬಾಯಿ ಕಿರಿದು, ಅದಕ್ಕೆ ಕಬ್ಬಿಣದ ಮುಚ್ಚಳ ಬೇರೆ. ಸುಮ್ಮನೆ ಬಿಟ್ಟರೆ ಒಳಗೆ ಬೀಳುವಂತಿರಲಿಲ್ಲ, ಬೆರಳು ಒಳಗೆ ಹಾಕಿ ತಳ್ಳಬೇಕಿತ್ತು. ಗುಬ್ಬಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಮುಚ್ಚಳವನ್ನು ಎತ್ತಿ, ಲಕೋಟೆಯನ್ನು ಇಟ್ಟು, ಗೆಣ್ಣಿನವರೆಗೂ ಬೆರಳು ತೂರಿಸಿ ಒತ್ತಿದಳು. ಅವಳ ಕಣ್ಣು ಆ ಬಾಯಿಯ ಮೇಲಿರಲಿಲ್ಲ. ಬೀದಿಯ ಆ ತುದಿಯಿಂದ ಬರುತ್ತಿದ್ದ ವ್ಯಾನಿನ ಮೇಲಿತ್ತು.

ಲಕೋಟೆ ಒಳಗೆ ಬಿದ್ದ ಸದ್ದು ಕೇಳಿತು. ಮುಚ್ಚಳ ಖಣ್ ಎಂದು ಬಿತ್ತು, ಅಷ್ಟರಲ್ಲಾಗಲೇ ಅವಳ ಬೆರಳುಗಳು ಹೊರಬಂದು ನನ್ನ ಕೈಯಲ್ಲಿದ್ದವು.